ಮೊಮ್ಮಗಳು ಹತ್ತದ ಬಸ್ಸು

ಆ ಸೋಮವಾರ ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಇಪ್ಪತ್ತೆರಡು ಮಕ್ಕಳು ಹತ್ತಿ ಕೂತಿದ್ದರು. ಇಪ್ಪತ್ತಮೂರನೆಯವಳು ಇನ್ನೂ ಮನೆಯೊಳಗೇ ಇದ್ದಳು. ಬಸ್ಸಿಗೂ ಮನೆಗೂ ಹತ್ತು ಹೆಜ್ಜೆ ದೂರ.

"ಗುಬ್ಬೀ, ಬಾರೇ. ಡ್ರೈವರಣ್ಣ ಎರಡು ಸಲ ಹಾರ್ನ್ ಹೊಡೆದಾಯ್ತು," ಎಂದು ಕಂಡಕ್ಟರಮ್ಮ ಬಾಗಿಲ ಕಂಬಿ ಹಿಡಿದುಕೊಂಡೇ ಕೂಗಿದಳು.

ಹೊರಗೆ ಬಂದವಳು ಸೊಸೆ. ಕೈಯಲ್ಲಿ ಹಿಂಡಿದ ಬಟ್ಟೆ. "ಅತ್ತೆ, ಇವತ್ತಿಂದ ಅವಳನ್ನ ಅವರಪ್ಪಾನೇ ಸ್ಕೂಟರಲ್ಲಿ ಬಿಡ್ತಾರೆ, ಕರ್ಕೊಂಡೂ ಬರ್ತಾರೆ. ಗಣಿತದ ಪಾಠ ಹಾಕ್ಸಿದೀವಿ. ನೀವು ಹೊರಡಿ."

"ನನಗೆ ಯಾರೂ ಹೇಳ್ಲೇ ಇಲ್ವಲ್ಲ."

"ಈಗ ಹೇಳಿದ್ನಲ್ಲ ಅತ್ತೆ," ಎಂದು ಸೊಸೆ ಬಟ್ಟೆ ಹರವಲು ಹಿತ್ತಲಿಗೆ ಹೋದಳು.

ಮಕ್ಕಳ ಮುಂದೆ ಮಾತು ಬೆಳೆಸುವುದು ಬೇಡವೆಂದು ಕಂಡಕ್ಟರಮ್ಮ ಬಾಗಿಲು ಎಳೆದುಕೊಂಡಳು. ಬಸ್ಸು ಹೊರಟಿತು. ದಾರಿಯುದ್ದಕ್ಕೂ ಅವಳ ಕಣ್ಣು ಎರಡನೇ ಸಾಲಿನ ಖಾಲಿ ಸೀಟಿನ ಮೇಲೇ ಇತ್ತು.

ಅವಳನ್ನು ಇಡೀ ಗಿರಣಿ ಕಾಲೋನಿ ಕಂಡಕ್ಟರಮ್ಮ ಎಂದೇ ಕರೆಯುತ್ತಿತ್ತು. ಮೂವತ್ತೊಂದು ವರ್ಷ ನಗರದ ಬಸ್ಸುಗಳಲ್ಲಿ ಟಿಕೆಟ್ ಹರಿದವಳು. ನಿವೃತ್ತಿಯಾದ ವರ್ಷವೇ ಗಂಡ ತೀರಿಕೊಂಡ. ಆಮೇಲೆ ಒಂದು ವರ್ಷ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕೊಟ್ಟರೆ ಉಂಡಳು, ಕೊಡದಿದ್ದರೆ ಇಲ್ಲ. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಒಂದು ಬೀಗ. ಮಕ್ಕಳ ಸಂಖ್ಯೆ ಸಾಲದೆಂದು ಕಾಲೋನಿಯ ಶಾಲೆಗೆ ಬೀಗ ಜಡಿದು, ಇದ್ದವರನ್ನೆಲ್ಲ ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸಿದರು. ಮೂರೂವರೆ ಕಿಲೋಮೀಟರು. ಲಾರಿಗಳು ಸಿಡಿಸುವ ಧೂಳಿನಲ್ಲಿ ಆರು ವರ್ಷದ ಮಕ್ಕಳು ಚೀಲ ಹೊತ್ತು ಹೋಗುವುದನ್ನು ನಾಲ್ಕು ದಿನ ಕಿಟಕಿಯಿಂದ ನೋಡಿದಳು. ಐದನೆಯ ದಿನ ಚಪ್ಪಲಿ ಮೆಟ್ಟಿ ಹೊರಟಳು.

ಮುಚ್ಚಿಹೋದ ಗಿರಣಿಯ ಶೆಡ್ಡಿನಲ್ಲಿ ಕೂಲಿಯವರನ್ನು ತರುತ್ತಿದ್ದ ಹಳೆಯ ಬಸ್ಸೊಂದು ಹಕ್ಕಿಗಳಿಗೆ ಮನೆಯಾಗಿ ನಿಂತಿತ್ತು. ಗಿರಣಿಯ ಕಾವಲಿಗೆಂದು ಉಳಿದಿದ್ದ ಮ್ಯಾನೇಜರನ ಬಾಗಿಲನ್ನು ದಿನವೂ ತಟ್ಟಿದಳು; ಕೊನೆಗೆ ಅವನೇ "ತಗೊಂಡ್ಹೋಗಿ ತಾಯಿ, ಬಸ್ಸಿಗಿಂತ ನಿಮ್ಮ ಕಾಟ ದೊಡ್ಡದು" ಎಂದು ಕಾಗದ ಬರೆದುಕೊಟ್ಟ. ಹದಿನಾಲ್ಕು ವರ್ಷ ಅವಳ ಬಸ್ಸನ್ನೇ ಓಡಿಸಿ ನಿವೃತ್ತನಾಗಿದ್ದ ಡ್ರೈವರಣ್ಣ, "ಮನೇಲಿ ಕೂತು ಹೆಂಡ್ತಿ ಕೈಲಿ ಬೈಸ್ಕೊಳ್ಳೋದಕ್ಕಿಂತ ವಾಸಿ" ಎಂದು ಸ್ಟಿಯರಿಂಗ್ ಹಿಡಿದ. ಇಬ್ಬರು ಹೆಣ್ಣುಮಕ್ಕಳನ್ನು ಅದೇ ಶಾಲೆಗೆ ಕಳಿಸುತ್ತಿದ್ದ ಟೈಲರ್ ಮಧ್ಯಾಹ್ನದ ಪಾಳಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಸೀಟುಗಳಿಗೆಲ್ಲ ಅವನೇ ಕವಚ ಹೊಲಿದಿದ್ದ. ಡೀಸೆಲ್ ಮನೆಮನೆಯ ಸರದಿ. ಯಾರಿಗೂ ಸಂಬಳವಿಲ್ಲ. ಬೆಳಿಗ್ಗೆ ಐದಕ್ಕೆದ್ದು ಎಲ್ಲರಿಗೂ ಚಹಾ ಕಾಸಿ ಫ್ಲಾಸ್ಕಿಗೆ ತುಂಬುವ ಕೆಲಸ ಮಾತ್ರ ಸೊಸೆಯದು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ಆಮೇಲೆ ಅವಳು ಕ್ಲಿನಿಕ್ಕಿಗೆ ಓಡಬೇಕು, ಎಂಟಕ್ಕೆ ಟೋಕನ್ ಕೊಡುವ ಕಿಟಕಿ ತೆಗೆಯಬೇಕು.

ಬಸ್ಸಿನ ಮೈಕೈ ನೋಡಿಕೊಳ್ಳುವವನು ಮಗ. ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪ್ರತಿ ಭಾನುವಾರ ಊಟವಾದ ಮೇಲೆ ಗೋಣಿ ಹಾಸಿಕೊಂಡು ಬಸ್ಸಿನಡಿ ಮಲಗುತ್ತಿದ್ದ. ಹೊಸದಾಗಿ ಮಗುವನ್ನು ಕಳಿಸುವ ತಾಯಂದಿರು "ಬಸ್ ಹಳೇದಲ್ವಾ ಕಂಡಕ್ಟರಮ್ಮ?" ಎಂದು ಅನುಮಾನಿಸಿದರೆ ಅವಳದು ಒಂದೇ ಉತ್ತರ: "ನನ್ನ ಮಗ ನೋಡ್ತಾನೆ. ಇನ್ನೇನು ಬೇಕು ನಿಮಗೆ?"

ಆ ಸಂಜೆ ಊಟಕ್ಕೆ ಕೂತಾಗ ಅವಳು ಬೆಳಗಿನ ಮಾತನ್ನು ಎತ್ತಿದಳು.

"ಗಣಿತದ ಪಾಠ ಯಾರು ಹೇಳ್ಕೊಡೋದು?"

"ಶಾಲೆ ಹಿಂದಿನ ಬೀದೀಲಿ ಒಬ್ರು ಮೇಷ್ಟ್ರು," ಎಂದ ಮಗ, ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯುತ್ತ. ಸಿಪ್ಪೆಯೆಲ್ಲ ಹೋದ ಮೇಲೂ ಮೊಟ್ಟೆಯನ್ನು ತಿರುಗಿಸುತ್ತಲೇ ಇದ್ದ.

"ಲೆಕ್ಕದಲ್ಲಿ ಅವಳಿಗೆ ನೂರಕ್ಕೆ ತೊಂಬತ್ತು ಬಂದಿತ್ತು."

"ಇನ್ನೂ ಹತ್ತು ಬರ್ಬೇಕಲ್ಲ ಅಮ್ಮ."

ಗುಬ್ಬಿ ತಟ್ಟೆಯಲ್ಲಿ ಆಲೂಗಡ್ಡೆ ಕಿವುಚುತ್ತ, "ಅಜ್ಜಿ, ನಂಗೆ ಬಸ್ಸೇ ಇಷ್ಟ," ಎಂದಳು.

"ಸುಮ್ನೆ ಊಟ ಮಾಡು," ಎಂದು ಅವಳಮ್ಮ ಗದರಿದಳು. ಗದರಿಕೆ ಬೇಕಾದ್ದಕ್ಕಿಂತ ಜೋರಾಗಿತ್ತು.

"ಅಲ್ಲ ಕಣೋ, ಊರ ಮಕ್ಕಳೆಲ್ಲ ನನ್ನ ಬಸ್ಸಲ್ಲಿ, ನನ್ನ ಮೊಮ್ಮಗಳು ಸ್ಕೂಟರಲ್ಲಿ. ನೋಡೋರು ಏನಂದ್ಕೋತಾರೆ?"

"ಏನೂ ಅಂದ್ಕೊಳ್ಳಲ್ಲ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ ಅಷ್ಟೆ," ಎಂದು ಮಗ ನಗಲು ನೋಡಿದ. ಸೊಸೆ ನಗಲಿಲ್ಲ. ಎದ್ದು ತಟ್ಟೆ ತೊಳೆಯಲು ಹೋದಳು, ಅತ್ತೆಯ ಊಟ ಇನ್ನೂ ಅರ್ಧ ಇರುವಾಗಲೇ.

ಸೊಸೆಗೆ ಚಹಾ ಕಾಸಿ ಕಾಸಿ ಬೇಸರ ಬಂದಿದೆ, ಅದರ ಸಿಟ್ಟು ಬಸ್ಸಿನ ಮೇಲೆ ತಿರುಗಿದೆ ಎಂದು ಕಂಡಕ್ಟರಮ್ಮ ತೀರ್ಮಾನಿಸಿದಳು. ಮರುದಿನದಿಂದ ತಾನೇ ಐದಕ್ಕೆದ್ದು ಫ್ಲಾಸ್ಕ್ ತುಂಬಿದಳು. ಸೊಸೆ ಬೇಡವೆನ್ನಲಿಲ್ಲ. ಗುಬ್ಬಿಯೂ ಬಸ್ಸಿಗೆ ಬರಲಿಲ್ಲ.

ಎರಡನೆಯ ವಾರ ಮಾತು ಶುರುವಾಯಿತು. ಒಂದು ಬೆಳಿಗ್ಗೆ ಟೈಲರ್ ತನ್ನ ಚಿಕ್ಕ ಮಗಳನ್ನು ಎತ್ತಿ ಮೆಟ್ಟಿಲ ಮೇಲಿಟ್ಟು, ಕೆಳಗೇ ನಿಂತ.

"ಕಂಡಕ್ಟರಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಗುಬ್ಬಿ ಯಾಕೆ ಬರ್ತಿಲ್ಲ?"

"ಪಾಠಕ್ಕೆ ಹೋಗ್ತಾಳೆ."

"ನನ್ನ ಹೆಂಡ್ತಿ ನೋಡಿದ್ಳಂತೆ. ನಿಮ್ಮ ಮಗ ಅವಳನ್ನ ನೇರ ಶಾಲೆ ಗೇಟಿಗೇ ಬಿಡ್ತಾನೆ. ಬಸ್ ಬಂದ ಮೇಲೇ ಬರ್ತಾನೆ."

"ನಿನ್ನ ಹೆಂಡ್ತಿಗೆ ಬೇರೆ ಕೆಲಸ ಇಲ್ವಾ? ಮೇಷ್ಟ್ರಿಗೆ ಒಂದಿನ ಹುಷಾರಿಲ್ದೇ ಇರ್ಬಾರ್ದಾ?" ಎಂದು ಅವಳು ರೇಗಿದಳು. "ಅನುಮಾನ ಇದ್ರೆ ಇಳಿಸ್ಕೊಂಡ್ಹೋಗು ನಿನ್ನ ಮಕ್ಕಳನ್ನ."

"ಅಯ್ಯೋ, ಇಳಿಸ್ತೀನಿ ಅಂತ ಯಾರು ಹೇಳಿದ್ರು," ಎಂದು ಟೈಲರ್ ಹಿಂದೆ ಸರಿದ. "ಮನೆಯೋರೇ ಹತ್ತದಿದ್ರೆ ಜನ ಕೇಳ್ತಾರೆ, ಅದಕ್ಕೆ ಹೇಳ್ದೆ."

ಅದೇ ದಿನ ವಾಪಸು ಬರುವಾಗ ಡ್ರೈವರಣ್ಣನೂ ಒಂದು ಮಾತು ಹೇಳಿದ. ತಿರುವಿನಲ್ಲಿ ಬಸ್ಸಿನ ಹಿಂಭಾಗ ತನ್ನ ಮಾತು ಕೇಳುವುದಿಲ್ಲ, ಒಂದು ಕ್ಷಣ ತಡವಾಗಿ ಬರುತ್ತದೆ ಎಂದ. ಗುಂಡಿಗೆ ಇಳಿದರೆ ಕಟಕ್ ಎನ್ನುತ್ತದೆ. "ನಿಮ್ಮ ಮಗನ್ನ ಕೇಳ್ದೆ. ಸ್ಪ್ರಿಂಗ್ ಪಟ್ಟಿ ಹಳೇದಾಗಿದೆ, ನಿಧಾನ ಹೋಗಿ ಸಾಕು ಅಂದ. ಇನ್ನೊಂದ್ಸಲ ನೋಡೋಕೆ ಹೇಳಿ."

ಅವಳು ಹೇಳಿದಳು. ಮಗ ಗ್ಯಾರೇಜಿನಿಂದ ಬಂದು ಸೀಮೆಎಣ್ಣೆಯಲ್ಲಿ ಕೈಯ ಗ್ರೀಸು ತಿಕ್ಕಿಕೊಳ್ಳುತ್ತಿದ್ದ.

"ಡ್ರೈವರಣ್ಣನಿಗೆ ಅರವತ್ತಾರು ಅಮ್ಮ. ಅವರ ಬೆನ್ನೇ ಕಟಕ್ ಅನ್ನುತ್ತೆ."

"ತಮಾಷೆ ಬೇಡ. ಬಸ್ ಸರಿಯಾಗಿದೆಯಾ ಇಲ್ವಾ?"

ಅವನು ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಾನು ನೋಡಿದೀನಿ ಅಂದ್ನಲ್ಲ. ರಜೆ ಬರೋವರೆಗೂ ಏನೂ ಆಗಲ್ಲ."

"ರಜೆ ಬರೋವರೆಗೂ ಅಂದ್ರೆ?"

"ರಜೇಲಿ ಎಲ್ಲಾ ಬಿಚ್ಚಿ ಮಾಡ್ತೀನಿ ಅಂತ. ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ನಂಬಿಕೆಯಿದೆಯೆಂದು ಬಾಯಿಬಿಟ್ಟು ಹೇಳಬೇಕೆ ಎಂದುಕೊಂಡು ಅವಳು ಅನ್ನಕ್ಕೆ ಇಡಲು ಹೋದಳು.

ಮೂರನೆಯ ವಾರದ ಗುರುವಾರ ಮಕ್ಕಳನ್ನು ಇಳಿಸಿ ಹಿಂದಿರುಗುವಾಗ ಹಿಂದಿನ ಚಕ್ರ ಕೂತುಬಿಟ್ಟಿತು. ಪುಣ್ಯಕ್ಕೆ ಹೆದ್ದಾರಿಯ ಪಕ್ಕದಲ್ಲೇ ಪಂಕ್ಚರ್ ಅಂಗಡಿಯಿತ್ತು. ಡ್ರೈವರಣ್ಣ ಬಸ್ಸನ್ನು ಕುಂಟಿಸುತ್ತ ತಂದು ನಿಲ್ಲಿಸಿದ. ಅಂಗಡಿಯವನು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಜಾಕ್ ಇಟ್ಟು ನಾಲ್ಕು ಸಲ ಒತ್ತಿದ. ಐದನೆಯ ಸಲಕ್ಕೆ ಬಸ್ಸಿನ ಹೊಟ್ಟೆಯೊಳಗಿನಿಂದ ಕರಕರ ಸದ್ದು ಬಂತು. ಅವನು ಜಾಕ್ ಬಿಟ್ಟು, ಟಾರ್ಚ್ ಹಿಡಿದು ಒಳಗೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಯಾರು ಮಾಡಿದ್ದು ಈ ಕೆಲಸ?" ಎಂದು ಕೇಳುತ್ತಲೇ ಹೊರಬಂದ.

"ಏನಾಗಿದೆ?" ಎಂದ ಡ್ರೈವರಣ್ಣ.

"ಚಾಸಿ ಒಡೆದಿದೆ ಯಜಮಾನ್ರೇ, ಇಡೀ ಬಸ್ಸು ಹೊತ್ತಿರೋ ಚೌಕಟ್ಟೇ. ಹಿಂದಿನ ಚಕ್ರದ ಮೇಲೆ, ಬಲಗಡೆ. ಒಂದು ಪಟ್ಟಿ ಇಟ್ಟು ವೆಲ್ಡ್ ಮಾಡಿ ಮೇಲೆ ಕಪ್ಪು ಬಣ್ಣ ಬಳಿದಿದಾರೆ. ಒಳ್ಳೇ ಕೈ, ಚೆನ್ನಾಗೇ ಮಾಡಿದಾನೆ. ಆದ್ರೆ ಇದು ವೆಲ್ಡಿಂಗ್ ಮಾಡೋ ಜಾಗ ಅಲ್ಲ. ಅದರ ಪಕ್ಕದಲ್ಲೇ ಮತ್ತೆ ಬಾಯಿ ಬಿಟ್ಟಿದೆ, ನನ್ನ ಬೆರಳು ಹೋಗುತ್ತೆ." ಅವನು ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಸೀಟುಗಳ ಬಣ್ಣಬಣ್ಣದ ಕವಚ ನೋಡಿದ. "ಮಕ್ಕಳ ಬಸ್ಸಾ ಇದು?"

ಡ್ರೈವರಣ್ಣ ಹೌದೆಂದು ತಲೆಯಾಡಿಸಿದ.

"ಬಣ್ಣ ಹೊಸದು. ಒಂದು ತಿಂಗಳೂ ಆಗಿರ್ಲಿಕ್ಕಿಲ್ಲ. ಇದನ್ನ ಮಾಡಿದೋನಿಗೆ ಗೊತ್ತಿರುತ್ತೆ, ಇದು ಎಷ್ಟು ದಿನ ತಡೆಯುತ್ತೆ ಅಂತ."

ಕಂಡಕ್ಟರಮ್ಮನಿಗೆ ಮೂರು ವಾರದ ಹಿಂದಿನ ಭಾನುವಾರ ಕಣ್ಣಿಗೆ ಕಟ್ಟಿತು. ಮಗ ಗ್ಯಾರೇಜಿನಿಂದ ವೆಲ್ಡಿಂಗ್ ಯಂತ್ರ ತಂದಿದ್ದ. ಬಸ್ಸಿನಡಿಯಿಂದ ನೀಲಿ ಕಿಡಿ ಹಾರುತ್ತಿತ್ತು. "ಏನೋ ಅದು?" ಎಂದು ಕೇಳಿದ್ದಳು. "ಸೈಲೆನ್ಸರ್ ಕಂಬಿ ಬಿಟ್ಟಿತ್ತಮ್ಮ" ಎಂದಿದ್ದ. ಅವಳೇ ಬಗ್ಗಿ ಅವನ ಕೈಗೆ ಚಹಾದ ಲೋಟ ಕೊಟ್ಟಿದ್ದಳು. ಮರುದಿನ ಸೋಮವಾರ.

ಡ್ರೈವರಣ್ಣನೂ ದಿನ ಎಣಿಸುತ್ತಿದ್ದನೆಂದು ಕಾಣುತ್ತದೆ. ನಿಧಾನವಾಗಿ ಕೇಳಿದ: "ಗುಬ್ಬಿ ಯಾವತ್ತಿಂದ ಬರ್ತಿಲ್ಲ ಕಂಡಕ್ಟರಮ್ಮ?"

"ಮೂರು ವಾರ ಆಯ್ತು," ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಓಹೋ."

"ನನಗೆ ಗೊತ್ತಿರ್ಲಿಲ್ಲ ಡ್ರೈವರಣ್ಣ. ಆಣೆ ಮಾಡಿ ಹೇಳ್ತೀನಿ."

ಅವನು ಹೆದ್ದಾರಿ ಕಡೆ ತಿರುಗಿದ. "ಹದಿನಾಲ್ಕು ವರ್ಷ ನಿಮ್ಮ ಒಂದು ಸೀಟಿ ನಂಬಿ, ಹಿಂದೆ ತಿರುಗಿ ನೋಡದೆ ಬಸ್ ರಿವರ್ಸ್ ತಗೊಂಡಿದೀನಿ. ಒಂದು ನಾಯಿಮರೀನೂ ಸತ್ತಿಲ್ಲ. ಇವತ್ತು ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳನ್ನ ಕೂರಿಸ್ಕೊಂಡು ಸೇತುವೆ ಇಳಿಜಾರಲ್ಲಿ ನಲವತ್ತರಲ್ಲಿ ಬಂದೆ." ಬಸ್ಸಿನ ಕೀಲಿಯನ್ನು ಅಂಗಡಿಯ ಸ್ಟೂಲಿನ ಮೇಲಿಟ್ಟ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಕಾಲೋನಿಯ ಕಡೆ ನಡೆದುಹೋದ. ಅವಳು ಕೂಗಲಿಲ್ಲ. ಕೂಗಿದರೂ ಅವನು ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಟೈಲರನಿಗೆ ಫೋನು ಮಾಡಿ, "ಬಸ್ ಕೆಟ್ಟಿದೆ, ಮಕ್ಕಳನ್ನ ತರೋಕೆ ಗಾಡಿ ಹೊಂದಿಸು, ಮಿಕ್ಕಿದ್ದು ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ" ಎಂದಳು. ಅವನು ಎರಡು ಬೈಕು, ತರಕಾರಿಯವನ ಮೂರು ಚಕ್ರದ ಗಾಡಿ ಒಟ್ಟು ಹಾಕಿ ಐದು ಸುತ್ತು ಹೊಡೆದ. ಅವಳು ಕೊನೆಯ ಮಗು ಗಾಡಿ ಹತ್ತುವವರೆಗೂ ಶಾಲೆಯ ಗೇಟಿನಲ್ಲೇ ನಿಂತಿದ್ದಳು. ಕಣ್ಣಮುಂದೆಯೇ ಮಗ ಸ್ಕೂಟರಿನಲ್ಲಿ ಬಂದು ಗುಬ್ಬಿಯನ್ನು ಹತ್ತಿಸಿಕೊಂಡ. ತಾಯಿಯನ್ನು ನೋಡಿ, "ಬಸ್ ಎಲ್ಲಮ್ಮ?" ಎಂದ.

"ಮನೆಗೆ ನಡಿ," ಎಂದಳು.

ಸಂಜೆ ಗುಬ್ಬಿಯನ್ನು ಪಕ್ಕದ ಮನೆಗೆ ಆಡಲು ಕಳಿಸಿದಳು. ಒಲೆ ಹಚ್ಚಲಿಲ್ಲ. ಮೇಜಿನ ಮೇಲೆ ಬ್ರೆಡ್ಡು, ಒಂದು ಬಟ್ಟಲು ತಣ್ಣಗಿನ ಬೇಳೆ. ಸೊಸೆ ಕ್ಲಿನಿಕ್ಕಿನಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಗಂಡನ ಮುಖ ನೋಡಿದಳು, ಆಮೇಲೆ ಅತ್ತೆಯದು. ಏನೂ ಕೇಳದೆ ಕೂತಳು.

"ಚಾಸಿ ಒಡೆದಿದ್ದು ನಿನಗೆ ಯಾವತ್ತು ಗೊತ್ತಾಯ್ತು?" ಎಂದಳು ಕಂಡಕ್ಟರಮ್ಮ.

ಮಗ ಬಾಗಿಲ ಕಡೆ ನೋಡಿದ.

"ಬಾಗಿಲಿಗೆ ಚಿಲಕ ಹಾಕಿಲ್ಲ. ಹೋಗೋದಾದ್ರೆ ಹೋಗು. ಆದ್ರೆ ಹೇಳಿ ಹೋಗು."

"ಅವತ್ತು ಭಾನುವಾರ. ಸ್ಪ್ರಿಂಗಿಗೆ ಗ್ರೀಸ್ ಹಾಕೋವಾಗ ಕಾಣಿಸ್ತು." ಅವನ ದನಿ ತಗ್ಗಿತ್ತು. "ಕೂದಲೆಳೆಯಷ್ಟೇ ಇತ್ತು ಅಮ್ಮ. ನಾನು ಪಟ್ಟಿ ಕೊಟ್ಟು ಗಟ್ಟಿ ಮಾಡ್ದೆ. ರಜೆಗೆ ಇನ್ನು ಏಳೇ ವಾರ ಇತ್ತು. ಅಷ್ಟರವರೆಗೆ ತಡೆಯುತ್ತೆ ಅಂತ..."

"ತಡೆಯುತ್ತೆ ಅಂತ ಗೊತ್ತಿದ್ರೆ ಗುಬ್ಬೀನ ಯಾಕೆ ಇಳಿಸ್ದೆ?"

ಉತ್ತರಿಸಿದವಳು ಸೊಸೆ.

"ಇಳಿಸಿದ್ದು ನಾನು ಅತ್ತೆ. ಅವತ್ತು ಇವರು ನನಗೆ ಹೇಳಿದ್ರು. ಅಮ್ಮನಿಗೆ ಹೇಳಿ ಅಂದೆ. ಹೇಳಲ್ಲ ಅಂದ್ರು. ಹಾಗಾದ್ರೆ ನನ್ನ ಮಗು ಅದರಲ್ಲಿ ಕೂರಲ್ಲ ಅಂದೆ."

"ನಿನ್ನ ಮಗು."

"ಹೌದು. ನನ್ನ ಮಗು."

"ಆ ಟೈಲರ್ ಮಕ್ಕಳು ಯಾರವು? ಕಾಲೋನಿ ಕೊನೆ ಮನೆ ಅವಳಿಗಳು? ಅವರಮ್ಮ ಬೆಳಿಗ್ಗೆ ಬೆಳಿಗ್ಗೆ ನನ್ನ ಕೈಗೆ ಕೊಟ್ಟು ಹೋಗ್ತಾಳೆ. ನಾನು ಮೂರು ವಾರ ಒಬ್ಬೊಬ್ಬರದೇ ರೆಟ್ಟೆ ಹಿಡಿದು ಹತ್ತಿಸಿದೀನಿ, ಕಣೇ. ನೀನು ಹಿತ್ತಲಲ್ಲಿ ಬಟ್ಟೆ ಹರವ್ತಾ ನೋಡ್ತಿದ್ದೆ."

ಸೊಸೆಯ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ. "ನೋಡ್ತಿರ್ಲಿಲ್ಲ ಅತ್ತೆ. ಬಸ್ ಹೊರಡೋವಾಗ ಒಳಗೆ ಹೋಗ್ಬಿಡ್ತಿದ್ದೆ."

"ಯಾಕೋ ಹೇಳ್ಲಿಲ್ಲ ನನಗೆ?" ಎಂದು ಅವಳು ಮಗನ ಕಡೆ ತಿರುಗಿದಳು.

"ಹೇಳಿದ್ರೆ ನೀನು ಅವತ್ತೇ ಬಸ್ ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಿದ್ದೆ. ಮತ್ತೆ?"

"ಆಮೇಲೆ ನೀನು ಏನ್ಮಾಡ್ತಿದ್ದೆ? ಅಪ್ಪ ಹೋದ್ಮೇಲೆ ಆ ಸ್ಟೂಲ್ ಮೇಲೆ ಒಂದು ವರ್ಷ ಕೂತಿದ್ದೆ. ಬಾಯಿಗೆ ತುತ್ತು ಇಟ್ಟೋನು ನಾನು. ಬಸ್ ಬಂದ್ಮೇಲೆ ನೀನು ನಗೋಕೆ ಶುರು ಮಾಡಿದ್ದು. ಅದನ್ನ ನಾನೇ ಕಿತ್ಕೊಳ್ಳಾ? ಚಾಸಿ ಬದಲಾಯಿಸೋದು ಅಂದ್ರೆ ಹೊಸ ಬಸ್ ತಗೊಂಡ ಹಾಗೆ. ಆಗ್ತಿತ್ತಾ ನಮ್ಮ ಕೈಲಿ? ನಿನಗೋಸ್ಕರಾನೇ ಅಮ್ಮ, ಎಲ್ಲಾ ನಿನಗೋಸ್ಕರಾನೇ."

ಅವಳು ಬ್ರೆಡ್ಡಿನ ತುಂಡೊಂದನ್ನು ಕೈಯಲ್ಲಿ ಹಿಡಿದಿದ್ದಳು. ಅದನ್ನು ತಟ್ಟೆಗೆ ಹಾಕಿದಳು.

"ನನ್ನ ಹೆಸರು ಹೇಳಿ ತಪ್ಪಿಸ್ಕೋಬೇಡ. ನನಗೋಸ್ಕರ ಆಗಿದ್ರೆ ನಿನ್ನ ಮಗಳನ್ನೂ ಅದರಲ್ಲೇ ಕೂರಿಸ್ತಿದ್ದೆ. ಬೇರೆಯೋರ ಮಕ್ಕಳಾದ್ರೆ ತಡೆಯುತ್ತೆ, ನಿನ್ನ ಮಗಳಾದ್ರೆ ತಡೆಯಲ್ಲ, ಅಂಥ ವೆಲ್ಡಿಂಗ್ ಯಾವುದೋ ಅದು?"

ಪಕ್ಕದ ಮನೆಯಿಂದ ಗುಬ್ಬಿಯ ನಗು ಕೇಳಿಸಿತು.

"ನಾಳೆ ಬೆಳಿಗ್ಗೆ ಏಳಕ್ಕೆ ಎಲ್ಲ ಅಂಗಳಕ್ಕೆ ಬರ್ತಾರೆ," ಎಂದಳು. "ನೀನೇ ನಿಂತು ಹೇಳ್ಬೇಕು. ನೀನು ಹೇಳು, ನಾನು ನಿನ್ನ ಪಕ್ಕ ನಿಂತಿರ್ತೀನಿ. ಬೈದ್ರೆ ಇಬ್ರೂ ಬೈಸ್ಕೊಳ್ಳೋಣ."

"ಗ್ಯಾರೇಜಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಮ್ಮ."

"ಹೋದ್ರೆ ಹೋಗ್ಲಿ. ಗಂಜಿ ಕುಡಿಯೋಣ."

ಕೊನೆಗೆ ಅವನು "ಆಯ್ತು" ಎಂದ. ಆ ಒಂದು ಮಾತಿಗೆ ಅವಳ ಎದೆಯ ಭಾರ ಅರ್ಧ ಇಳಿಯಿತು. ಎದ್ದು ಒಲೆ ಹಚ್ಚಿ ಅವನಿಗೆ ಎರಡು ಮೊಟ್ಟೆ ಹುರಿದು ಕೊಟ್ಟಳು.

ಬೆಳಿಗ್ಗೆ ಐದಕ್ಕೆ ಎದ್ದಾಗ ಸ್ಕೂಟರ್ ಇರಲಿಲ್ಲ. ಅವನ ಹಾಸಿಗೆ ಮಡಿಸಿಟ್ಟಿತ್ತು, ಚಪ್ಪಲಿ ಇಲ್ಲ. ಸೊಸೆ ಗೋಡೆಗೆ ಒರಗಿ ಕೂತಿದ್ದಳು. "ನಾಲ್ಕೂವರೆಗೆ ಹೋದ್ರು. ತಡೆದೆ ಅತ್ತೆ. ನಿಲ್ಲಲಿಲ್ಲ."

ಚಾಸಿ ಒಡೆದಿದ್ದನ್ನು ಕೇಳಿದಾಗ ಅವಳಿಗೆ ಸಿಟ್ಟು ಬಂದಿತ್ತು. ಈಗ ಸಿಟ್ಟೂ ಬರಲಿಲ್ಲ. ಚಹಾಕ್ಕೆ ನೀರಿಟ್ಟಳು, ಅದು ಕುದಿದು ಅರ್ಧವಾಗುವವರೆಗೆ ಪುಡಿ ಹಾಕಲು ಮರೆತು ನಿಂತಳು.

ಏಳಕ್ಕೆ ಅಂಗಳ ತುಂಬಿತ್ತು. ತಾಯಂದಿರು, ತಂದೆಯರು, ಸಮವಸ್ತ್ರದ ಮಕ್ಕಳು. ಡ್ರೈವರಣ್ಣ ಎಲ್ಲರಿಗಿಂತ ಹಿಂದೆ, ಬೇಲಿಗೆ ಆತುಕೊಂಡು ನಿಂತಿದ್ದ. ಬಸ್ಸಿನ ಜಾಗ ಖಾಲಿ, ಡೀಸೆಲ್ ಕಲೆ ಮಾತ್ರ ಇತ್ತು. ಮೂವತ್ತೊಂದು ವರ್ಷ ಜನಜಂಗುಳಿಯಲ್ಲಿ ಕೂಗಾಡಿದ ಕಂಡಕ್ಟರಮ್ಮ ಅವತ್ತು ಅಂಗಳದ ನಡುವೆ ಬಂದು ನಿಂತಳು. ಸೊಸೆಯ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ, ಏನನ್ನೂ ಸೇರಿಸದೆ ಹೇಳಿದಳು. ಚಾಸಿ ಒಡೆದಿತ್ತು. ನನ್ನ ಮಗನಿಗೆ ಗೊತ್ತಿತ್ತು. ಅವನ ಮಗಳನ್ನು ಇಳಿಸಿಕೊಂಡ. ನಿಮಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಅವಳಿಗಳ ತಾಯಿ ಇಬ್ಬರು ಮಕ್ಕಳನ್ನೂ ಎಳೆದು ಸೊಂಟಕ್ಕೆ ಒತ್ತಿಕೊಂಡಳು.

"ನಿಮಗೂ ಹೇಳ್ಲಿಲ್ಲ," ಎಂದ ಟೈಲರ್. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಒಂದೇ ಮನೆ, ಒಂದೇ ಅಡುಗೆ. ಮೊಮ್ಮಗಳು ಇಳಿದು ಮೂರು ವಾರ ಆಯ್ತು. ನಾನು ಬಂದು ಕೇಳ್ದೆ. ನೀವು ಏನಂದ್ರಿ? ಅನುಮಾನ ಇದ್ರೆ ಇಳಿಸ್ಕೊಂಡ್ಹೋಗು ಅಂದ್ರಿ."

"ಅಂದೆ."

"ಈಗ ಗೊತ್ತಿರ್ಲಿಲ್ಲ ಅಂದ್ರೆ ನಾವು ನಂಬ್ಬೇಕಾ?"

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು," ಎಂದು ಯಾರೋ ಹಿಂದಿನಿಂದ ಹೇಳಿದರು. "ಮಗ ಎಲ್ಲಿ? ಅವನನ್ನ ಕರೀರಿ."

"ಮಗ ಇಲ್ಲ," ಎಂದಳು.

"ಇರ್ತಾನಾ ಮತ್ತೆ," ಎಂದರು ಇನ್ನೊಬ್ಬರು.

ಅವಳು ಡ್ರೈವರಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ನಂಬಿ ಎನ್ನಲು ಅವಳ ಬಳಿ ಇದ್ದದ್ದು ತನ್ನ ಮಾತೊಂದೇ; ಆ ಮಾತನ್ನು ಮೂರು ವರ್ಷದಿಂದ ಮಗನ ಪರವಾಗಿ ಖರ್ಚು ಮಾಡಿ ಮುಗಿಸಿದ್ದಳು.

ಆಗ ಮನೆಯ ಬಾಗಿಲಿನಿಂದ ಸೊಸೆ ಇಳಿದು ಬಂದಳು. ಕ್ಲಿನಿಕ್ಕಿಗೆ ಹೊರಟ ಉಡುಗೆ, ಒಂದು ಕೈಯಲ್ಲಿ ಗುಬ್ಬಿಯ ಕೈ.

"ಅತ್ತೆಗೆ ಗೊತ್ತಿರ್ಲಿಲ್ಲ," ಎಂದಳು. "ನನಗೆ ಗೊತ್ತಿತ್ತು. ಗಣಿತದ ಪಾಠ ಅಂತ ಸುಳ್ಳು ಹೇಳಿದ್ದು ನಾನು. ಪಾಠ ಇಲ್ಲ, ಮೇಷ್ಟ್ರೂ ಇಲ್ಲ. ಬೈಯೋದಾದ್ರೆ ನನ್ನ ಬೈರಿ. ಅತ್ತೆ ಅದೇ ಬಸ್ಸಿನ ಬಾಗಿಲಲ್ಲೇ ನಿಂತು ಬರ್ತಿದ್ರು. ಗೊತ್ತಿದ್ದೋರು ಹಾಗೆ ನಿಲ್ತಾರಾ?"

"ಗೊತ್ತಿದ್ದೂ ನಮಗೆ ಹೇಳ್ಲಿಲ್ವಲ್ಲಮ್ಮ ನೀನು," ಎಂದಳು ಅವಳಿಗಳ ತಾಯಿ. ಅವಳ ದನಿಯಲ್ಲಿ ಕೂಗಾಟವಿರಲಿಲ್ಲ. "ಹೋದ ವಾರ ಇವನಿಗೆ ಜ್ವರ ಬಂದಾಗ ನೀನೇ ಮೊದಲು ಟೋಕನ್ ಕೊಟ್ಟು ಒಳಗೆ ಕಳಿಸ್ದೆ. ಆಗ್ಲೂ ಹೇಳ್ಬಹುದಿತ್ತು."

ಸೊಸೆ ಗುಬ್ಬಿಯ ಕೈ ಹಿಡಿದುಕೊಂಡು ಹಾಗೇ ನಿಂತಳು. ಜನ ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದುಕೊಂಡು ಹೋದರು. ಅವತ್ತು ಹನ್ನೊಂದು ಮಕ್ಕಳು ಶಾಲೆಗೆ ಹೋಗಲೇ ಇಲ್ಲ.

ಮಗ ಆ ಸಂಜೆ ಬಂದ. ಯಾರೂ ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಕಂಡಕ್ಟರಮ್ಮ ಅವನ ತಟ್ಟೆಗೆ ಬಡಿಸಿದಳು, ಎಂದಿನ ಹಾಗೆಯೇ. ಅವನು ಸಾಕೆನ್ನುವವರೆಗೂ ಬಡಿಸಿದಳು. ಮಾತು ಮಾತ್ರ ಬೇಕಾದಷ್ಟೇ ಉಳಿಯಿತು. ಉಪ್ಪು ಕೊಡು. ನೀರು ಬಂತು. ಬಾಗಿಲು ಹಾಕು.

ಗ್ಯಾರೇಜಿನ ಯಜಮಾನ ಅವನನ್ನು ಹೊರಗೆ ಹಾಕಲಿಲ್ಲ. ಆದರೆ ಅಲ್ಲಿಂದಾಚೆ ಅವನು ಮುಗಿಸಿದ ಪ್ರತಿ ಗಾಡಿಯ ಕೆಳಗೂ ಇನ್ನೊಬ್ಬ ಟಾರ್ಚ್ ಹಿಡಿದು ಮಲಗಿ ನೋಡುತ್ತಿದ್ದ. ಆ ಇನ್ನೊಬ್ಬ ಅವನಿಂದಲೇ ಕೆಲಸ ಕಲಿತವನು. ಈ ಸಂಗತಿಯನ್ನು ಸೊಸೆ ಅಡುಗೆಮನೆಯಲ್ಲಿ ಹೇಳಿದಳು. ಕಂಡಕ್ಟರಮ್ಮ ಕೇಳಿಸಿಕೊಂಡಳು, ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದಳು. ಬಸ್ಸನ್ನು ಪಂಕ್ಚರ್ ಅಂಗಡಿಯಿಂದಲೇ ಗುಜರಿಯವರು ಎಳೆದುಕೊಂಡು ಹೋದರು. ಅದಕ್ಕೂ ಮೊದಲು ಟೈಲರ್ ಹೋಗಿ ತನ್ನ ಸೀಟು ಕವಚಗಳನ್ನು ಬಿಚ್ಚಿ ತಂದಿದ್ದ.

ಮಕ್ಕಳು ಶಾಲೆಗೆ ಹೋಗಲೇಬೇಕಲ್ಲ. ಮೊದಲ ಎರಡು ದಿನ ಅವಳೊಬ್ಬಳೇ ಆರು ಗಂಟೆಗೆ ಬೀದಿಯ ಕೊನೆಯಲ್ಲಿ ನಿಂತಳು. "ನಡೆಸ್ಕೊಂಡು ಹೋಗ್ತೀನಿ, ಕಳಿಸೋರು ಕಳಿಸಿ," ಎಂದಳು. ಮೊದಲ ದಿನ ಐದು ಮಕ್ಕಳು ಬಂದರು, ಎರಡನೆಯ ದಿನ ಒಂಬತ್ತು. ಮೂರನೆಯ ದಿನ ಅವಳಿಗಳ ತಾಯಿ ತಾನೂ ಚಪ್ಪಲಿ ಮೆಟ್ಟಿ ಬಂದು ಸಾಲಿನ ಹಿಂದೆ ನಿಂತಳು. ಇಬ್ಬಿಬ್ಬರು ಕೈ ಹಿಡಿದು ನಡೆಯಬೇಕೆಂದು ನಿಯಮವಾಯಿತು. ಒಂದು ವಾರ ಕಳೆದ ಮೇಲೆ ಹೆದ್ದಾರಿ ದಾಟುವ ಜಾಗಕ್ಕೆ ಬಂದಾಗ ಡ್ರೈವರಣ್ಣ ಕೆಂಪು ಬಟ್ಟೆ ಹಿಡಿದು ರಸ್ತೆಯ ನಡುವೆ ನಿಂತಿದ್ದ. ಲಾರಿಗಳನ್ನು ತಡೆದು ಮಕ್ಕಳನ್ನು ದಾಟಿಸಿದ. ಅವಳ ಜೊತೆ ಮಾತಾಡಲಿಲ್ಲ. ಮರುದಿನವೂ ಬಂದ, ಮರುದಿನವೂ ಮಾತಾಡಲಿಲ್ಲ. ಟೈಲರ್ ಮಾತ್ರ ತಾನು ಬರಲಿಲ್ಲ. ಮಕ್ಕಳನ್ನು ಬೀದಿಯ ಕೊನೆಗೆ ತಂದು, ಕಂಡಕ್ಟರಮ್ಮನಿಗೆ ಒಪ್ಪಿಸದೆ, ಅವಳಿಗಳ ತಾಯಿಗೆ ಒಪ್ಪಿಸಿ ಹೋಗುತ್ತಿದ್ದ.

ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ ಮಗ ಗ್ಯಾರೇಜಿನ ಬಟ್ಟೆ ಹಾಕದೆ ಅಡುಗೆಮನೆಗೆ ಬಂದ.

"ಇವತ್ತು ರಜಾ ಹೇಳಿದೀನಿ ಅಮ್ಮ. ನಾನೂ ಬರ್ಲಾ?"

"ಎಲ್ಲಿಗೆ?"

"ಮಕ್ಕಳ ಜೊತೆ. ಗುಬ್ಬೀನೂ ಇವತ್ತಿಂದ ನಡೀತಾಳೆ."

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಅವನು ಗಡ್ಡ ಬಿಟ್ಟಿದ್ದ, ಕೆನ್ನೆ ಒಳಗೆ ಹೋಗಿತ್ತು. ಅವನನ್ನು ಹಾಗೆ ನೇರವಾಗಿ ನೋಡಿ ಎಷ್ಟು ದಿನವಾಗಿತ್ತೋ.

"ಬಾ," ಎಂದಳು. "ರಸ್ತೆ ದಾಟಿಸೋ ಕಡೆ ನಿಲ್ಬೇಡ. ಕೊನೇಲೂ ಬೇಡ. ನಡುವೆ, ಮಕ್ಕಳ ಜೊತೆ ನಡಿ."

ಅವನು ತಲೆಯಾಡಿಸಿದ.

ಸಾಲು ಹೊರಟಿತು. ಬೀದಿಯವರು ಅವನನ್ನು ನೋಡಿ ಮಾತು ನಿಲ್ಲಿಸಿದರು, ಅವನು ಕಾಲ ಬುಡ ನೋಡುತ್ತ ನಡೆದ. ಎಡಗೈಯಲ್ಲಿ ಗುಬ್ಬಿ. ಅವನ ಬಲಗಡೆ ಟೈಲರನ ಚಿಕ್ಕ ಮಗಳು ಒಂಟಿಯಾಗಿದ್ದಳು. ಅವಳ ಜೊತೆಗಾತಿ ಅವತ್ತು ಬಂದಿರಲಿಲ್ಲ. ಹೆದ್ದಾರಿಯ ಸದ್ದು ಹತ್ತಿರವಾಗುತ್ತಿದ್ದಂತೆ ಅವನು ಬಲಗೈ ಚಾಚಿದ. ಹುಡುಗಿ ಎರಡೂ ಕೈಯಲ್ಲಿ ಚೀಲದ ಪಟ್ಟಿ ಹಿಡಿದುಕೊಂಡಳು.

"ಕೈ ಕೊಡು ಪುಟ್ಟಿ, ರಸ್ತೆ ಬಂತು," ಎಂದ.

"ನಿಮ್ಮ ಕೈ ಹಿಡೀಬಾರ್ದು ಅಂತ ನಮ್ಮಪ್ಪ ಹೇಳಿದಾರೆ," ಎಂದಳು ಹುಡುಗಿ. ನಾಳೆ ಶಾಲೆಗೆ ರಜೆ ಎಂದು ಹೇಳುವ ಹಾಗೆ, ಯಾವ ಸಿಟ್ಟೂ ಇಲ್ಲದೆ ಹೇಳಿದಳು.

ಕಂಡಕ್ಟರಮ್ಮ ಎರಡು ಹೆಜ್ಜೆ ಹಿಂದೆ ಇದ್ದಳು. ಮಗ ತಿರುಗಿ ಅವಳನ್ನು ನೋಡಿದ. ಹಿಡ್ಕೋ ಮಗು, ಪರವಾಗಿಲ್ಲ, ನಾನು ಹೇಳ್ತಿದೀನಲ್ಲ ಎಂದು ಅವಳು ಒಂದು ಮಾತು ಹೇಳಿದ್ದರೆ ಹುಡುಗಿ ಕೈ ಕೊಡುತ್ತಿದ್ದಳು. ಮಗ ಆ ಮಾತಿಗಾಗಿ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಮಾತು ನಾಲಗೆಯ ತುದಿವರೆಗೆ ಬಂತು. ಅವಳು ಮುಂದೆ ಹೋಗಿ, ಇಬ್ಬರ ನಡುವೆ ಬಂದು, ಹುಡುಗಿಗೆ ತನ್ನ ಕೈ ಕೊಟ್ಟಳು.

ಡ್ರೈವರಣ್ಣ ಕೆಂಪು ಬಟ್ಟೆ ಎತ್ತಿದ. ಲಾರಿಗಳು ನಿಂತವು. ಅವರು ರಸ್ತೆ ದಾಟಿದರು, ಮಗನ ಬಲಗೈ ಖಾಲಿಯಾಗಿಯೇ ಇತ್ತು.